ಕಿವಿಗೆ ಒಂದೇ, ಕಣ್ಣಿಗೆ ಬೇರೆ

ಪವಾಯಿ ಕೆರೆಯ ಸುತ್ತಲಿನ ನಮ್ಮ ಮಕ್ಕಳಿಗೆ ಇಂಗ್ಲಿಷಿನ ‘ಸನ್’ ಮಗನೋ ಸೂರ್ಯನೋ, ‘ನೈಟ್’ ಇರುಳೋ ಕುದುರೆಯೇರಿದ ವೀರನೋ ಎಂಬುದು ಕಾಗುಣಿತದಿಂದಲೇ ತಿಳಿಯುತ್ತದೆ. ವೀರನ ಮುಂದೆ ಮೌನವಾಗಿ ನಿಂತ ‘ಕೆ’ ಒಂದು ಕಾಲಕ್ಕೆ ಉಚ್ಚಾರದಲ್ಲಿದ್ದ ಅಕ್ಷರವೇ. ಆಂಗ್ಲರು ಸದ್ದನ್ನು ಕಳೆದುಕೊಂಡರೂ ಅಕ್ಷರವನ್ನು ಉಳಿಸಿಕೊಂಡರು. ನಾವು ಎರಡನ್ನೂ ಬಿಟ್ಟೆವು: ಹಳಗನ್ನಡದಲ್ಲಿ ಖಡ್ಗ ‘ಬಾಳ್’, ಬದುಕು ‘ಬಾೞ್’, ಇಂದು ಎರಡೂ ‘ಬಾಳು’. ಅದು ಶತಮಾನಗಳ ನಡೆ, ದೂರಿಲ್ಲ.

ಆದರೆ ಅದೇ ಮಕ್ಕಳ ಬಾಯಲ್ಲಿ ಇಂದು ಹಳ್ಳಿ ‘ಹಲ್ಲಿ’ಯಾಗುತ್ತಿದೆ, ಬೆಳೆ ‘ಬೆಲೆ’ಯಾಗುತ್ತಿದೆ. ಮರಾಠಿಯಲ್ಲೂ ಳಕಾರವುಂಟು, ಮುಂಬಯಿಯನ್ನು ದೂರುವಂತಿಲ್ಲ. ಅಜ್ಜಿಯೊಡನೆ ಮಾತಾಡಿದರೆ ಸಾಕೆಂದು ಕನ್ನಡವನ್ನು ಕಿವಿಗಷ್ಟೇ ಕೊಟ್ಟವರು ನಾವು. ಬೇಸಿಗೆ ರಜೆಗೆ ಆ ಅಜ್ಜಿಯ ಹಳ್ಳಿಗೆ ಹೊರಡುವ ಮುನ್ನ ಲಕಾರ, ಳಕಾರಗಳನ್ನಾದರೂ ಬರೆಯಿಸೋಣ.