ಪೆರ್ನಾಲ್ ಚಂದ್ರ ಬೇಕು, ಹೆಣ್ಣುಮಕ್ಕಳಿಗೆ ರಾತ್ರಿಯ ಆಕಾಶ ಬೇಡವೇ?

2020ರ ಮೇ 22, ಶುಕ್ರವಾರ. ನಮ್ಮಲ್ಲಿ ಅಂದು 29ನೇ ನೋಂಬು. ಲಾಕ್‌ಡೌನ್ ಕಾಲ, ಮಸೀದಿಯ ಗೇಟಿಗೆ ಬೀಗ, ಪೇಟೆ ಬಂದ್. ಖರ್ಜೂರ, ನೀರು ಆಗಿ ಮಗ್ರಿಬ್ ಮುಗಿದದ್ದೇ ಮನೆಯವರೆಲ್ಲ ಟೆರೇಸ್ ಹತ್ತಿದ್ದೆವು. ಉಪ್ಪನ ಕೈಯಲ್ಲಿ ಮೊಬೈಲ್. ಕಲ್ಲಿಕೋಟೆಯಿಂದ ಸುದ್ದಿ ಬಂತಾ, ಖಾಝಿಯವರ ಘೋಷಣೆ ಆಯ್ತಾ ಅಂತ ನಿಮಿಷಕ್ಕೊಮ್ಮೆ ನೋಡುತ್ತಿದ್ದರು. ಉಮ್ಮನಿಗೆ ನಾಳೆ ಪೆರ್ನಾಲ್ ಆದರೆ ಅಡುಗೆಗೆ ಸಾಮಾನು ಎಲ್ಲಿಂದ ತರುವುದು ಎಂಬ ಚಿಂತೆ.

ನಾನು ಬಾಯಿ ಸುಮ್ಮನಿರದೆ, "ಇವತ್ತು ಚಂದ್ರ ಕಾಣ್ಲಿಕ್ಕಿಲ್ಲ" ಅಂದೆ. ಅಜ್ಜಿ ತಿರುಗಿ ನೋಡಿ, "ನೀನೇನು ಖಾಝಿಯಾ ಮಗಳೇ?" ಅಂತ ಕೇಳಿದರು. ಎಲ್ಲರೂ ನಕ್ಕರು.

ನಾನು ಹೇಳಿದ್ದು ಭವಿಷ್ಯವಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಬರೆದಿರುತ್ತದಲ್ಲ, ಅದನ್ನು ನೋಡಿದ್ದೆ. ಅಂದು ಅಮಾವಾಸ್ಯೆ ಮುಗಿಯುವುದು ರಾತ್ರಿ 11 ಗಂಟೆ ದಾಟಿದ ಮೇಲೆ. ಅಂದರೆ ಚಂದ್ರ ಸೂರ್ಯನನ್ನು ದಾಟಿ ಹೊಸ ತಿಂಗಳಿಗೆ ಕಾಲಿಡುವುದೇ ಆ ಹೊತ್ತಿಗೆ. ಇನ್ನೂ ಹುಟ್ಟದ ಚಂದ್ರ ಮಗ್ರಿಬ್ ವೇಳೆಗೆ ಹೇಗೆ ಕಾಣಬೇಕು? ಸ್ವಲ್ಪ ಹೊತ್ತಿನಲ್ಲಿ ಸುದ್ದಿ ಬಂತು. 30 ನೋಂಬು ಪೂರ್ತಿ, ಪೆರ್ನಾಲ್ ಭಾನುವಾರ. ಅಜ್ಜಿ ನನ್ನ ತಲೆ ನೇವರಿಸಿ, "ಇದನ್ನೆಲ್ಲ ನಿನಗೆ ಯಾರು ಕಲಿಸಿದ್ದು?" ಅಂತ ಕೇಳಿದರು.

ಕಲಿಸಿದ್ದು ನಮ್ಮ ಹೈಸ್ಕೂಲಿನ ಖಗೋಳ ಕ್ಲಬ್. ಅಲ್ಲಿಗೆ ಹೋಗಲು ನಾನು ಪಟ್ಟ ಪಾಡು ನನ್ನೊಬ್ಬಳದ್ದೇ ಆಗಿದ್ದರೆ ಈ ಬರಹದ ಅಗತ್ಯ ಇರಲಿಲ್ಲ.

ಒಂಬತ್ತನೇ ತರಗತಿಯಲ್ಲಿದ್ದಾಗ ಗಣಿತದ ಸರ್ ಕ್ಲಬ್ ಶುರು ಮಾಡಿದರು. ಶನಿವಾರ ಮಧ್ಯಾಹ್ನ ಒಂದು ಗಂಟೆ. ಮೊದಲ ಕೆಲಸ ಚಂದ್ರನ ಪುಸ್ತಕ. ಪ್ರತಿದಿನ ಚಂದ್ರ ಎಲ್ಲಿದೆ, ಯಾವ ಆಕಾರದಲ್ಲಿದೆ, ಎಷ್ಟು ಗಂಟೆಗೆ ಮುಳುಗಿತು ಎಂದು ಒಂದು ತಿಂಗಳು ಬರೆಯಬೇಕು. ವಾರ ಕಳೆಯುವುದರೊಳಗೆ ಗೊತ್ತಾಯ್ತು, ಚಂದ್ರ ಹೆಚ್ಚುಕಡಿಮೆ 50 ನಿಮಿಷ ದಿನವೂ ತಡ ಮಾಡುತ್ತಾನೆ. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಸರಾಸರಿ ಇಪ್ಪತ್ತೊಂಬತ್ತೂವರೆ ದಿನ. ಹಾಗಾಗಿಯೇ ನಮ್ಮ ತಿಂಗಳು ಒಮ್ಮೆ 29, ಒಮ್ಮೆ 30. ಹನ್ನೆರಡು ತಿಂಗಳಿಗೆ ಸುಮಾರು 354 ದಿನ. ಹಾಗಾಗಿಯೇ ರಮಝಾನ್ ವರ್ಷಕ್ಕೆ 11 ದಿನದಷ್ಟು ಹಿಂದೆ ಬರುತ್ತದೆ. ಅಲ್ಲಿಯವರೆಗೆ ಇದೆಲ್ಲ 'ಹಾಗೆ ಇರೋದು' ಅಂತಷ್ಟೇ ನನಗೆ ಗೊತ್ತಿತ್ತು. ಯಾಕೆ ಅಂತ ಕೇಳಬಹುದು ಎಂದೇ ಹೊಳೆದಿರಲಿಲ್ಲ.

ಆಮೇಲೆ ಕೋನಮಾಪಕಕ್ಕೆ ಜ್ಯೂಸ್ ಕುಡಿಯುವ ನಳಿಕೆ ಅಂಟಿಸಿ, ದಾರಕ್ಕೆ ಕಲ್ಲು ಕಟ್ಟಿ ನಕ್ಷತ್ರದ ಎತ್ತರ ಅಳೆಯುವ ಸಾಧನ ಮಾಡಿದೆವು. ಮನೆಯ ಟೆರೇಸಿನಿಂದ ಧ್ರುವ ನಕ್ಷತ್ರ ಅಳೆದು ಬನ್ನಿ ಅಂದರು ಸರ್. ನನಗೆ ಮೊದಲು 19 ಡಿಗ್ರಿ ಬಂತು. ಎರಡನೇ ಸಲ 16. ಕೈ ನಡುಗದ ಹಾಗೆ ಗೋಡೆಗೆ ಒರಗಿ ಅಳೆದಾಗ 13. ಸೋಮವಾರ ಸರ್ ಅಟ್ಲಾಸ್ ತೆರೆದು ತೋರಿಸಿದರು. ಮಂಗಳೂರಿನ ಅಕ್ಷಾಂಶವೂ ಹೆಚ್ಚುಕಡಿಮೆ 13 ಡಿಗ್ರಿ! ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಮೇಲಿದೆಯೋ ಅಷ್ಟೇ ನಾವಿರುವ ಅಕ್ಷಾಂಶ. ಅರಬ್ ನಾವಿಕರು 'ಕಮಾಲ್' ಎಂಬ ಸಣ್ಣ ಮರದ ಹಲಗೆ, ಗಂಟು ಹಾಕಿದ ಹಗ್ಗ ಇಟ್ಟುಕೊಂಡು ಇದೇ ಲೆಕ್ಕದಲ್ಲಿ ಸಮುದ್ರ ದಾಟುತ್ತಿದ್ದರಂತೆ. 'ಬ್ಯಾರ', ಅಂದರೆ ವ್ಯಾಪಾರದಿಂದಲೇ ಬ್ಯಾರಿ ಎಂಬ ಹೆಸರು ಬಂತು ಎನ್ನುತ್ತೇವಲ್ಲ, ಆ ವ್ಯಾಪಾರದ ಹಡಗುಗಳಿಗೆ ದಾರಿ ತೋರಿಸಿದ್ದು ಈ ನಕ್ಷತ್ರಗಳೇ.

ಇಲ್ಲಿಯವರೆಗೆ ಯಾವ ತೊಂದರೆಯೂ ಇರಲಿಲ್ಲ. ತೊಂದರೆ ಬಂದದ್ದು 2019ರ ಡಿಸೆಂಬರ್ ಮೊದಲ ವಾರದಲ್ಲಿ. ಶನಿವಾರ ಸಂಜೆ 7ರಿಂದ 9ರವರೆಗೆ ಶಾಲೆಯ ಮೈದಾನದಲ್ಲಿ ದೂರದರ್ಶಕದಿಂದ ಆಕಾಶ ವೀಕ್ಷಣೆ, ಪೋಷಕರ ಸಹಿ ಬೇಕು ಅಂತ ಚೀಟಿ ಕೊಟ್ಟರು. ಕ್ಲಬ್ಬಿನಲ್ಲಿ ನಮ್ಮ ಸಮುದಾಯದ ಹೆಣ್ಣುಮಕ್ಕಳು ಐದು ಮಂದಿ. ಐದು ಮನೆಯಲ್ಲೂ ಒಂದೇ ಉತ್ತರ, ಬೇಡ. ರಾತ್ರಿ ಹೆಣ್ಣುಮಕ್ಕಳು ಹೊರಗೆ ಯಾಕೆ, ಜನ ಏನಂತಾರೆ, ನಾಳೆ ಪರೀಕ್ಷೆಗೆ ಅದು ಬರ್ತದಾ? ನನ್ನ ಮಾಮನ ಮಗನೂ ಕ್ಲಬ್ಬಿನಲ್ಲಿದ್ದ. ಅವನ ಚೀಟಿಗೆ ಯಾರೂ ಓದದೆಯೇ ಸಹಿ ಬಿತ್ತು.

ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ಉಮ್ಮನಿಗೇ ಹೇಳಿದೆ: "ನೀವೇ ಬನ್ನಿ. ಎರಡು ಗಂಟೆ ನನ್ನ ಪಕ್ಕದಲ್ಲೇ ನಿಲ್ಲಿ." ಉಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಮ್ಮ ಹೋಗುವುದಾದರೆ ಹೋಗು" ಅಂದರು. ಐವರಲ್ಲಿ ಹೋದದ್ದು ನಾನೊಬ್ಬಳೇ.

ಉಮ್ಮ ಮೊದಲು ಗೇಟಿನ ಹತ್ತಿರವೇ ನಿಂತಿದ್ದರು. ಸರ್ ಕರೆದ ಮೇಲೆ ಬಂದು ದೂರದರ್ಶಕಕ್ಕೆ ಕಣ್ಣಿಟ್ಟರು. ಅರ್ಧಕ್ಕಿಂತ ಹೆಚ್ಚು ಬೆಳೆದ ಚಂದ್ರ, ನೆರಳಿನ ಅಂಚಿನಲ್ಲಿ ಕುಳಿಗಳು ಎದ್ದು ಕಾಣುತ್ತಿದ್ದವು. "ಯಾ ಅಲ್ಲಾಹ್, ಇದರಲ್ಲಿ ಇಷ್ಟು ಹೊಂಡ ಉಂಟಾ?" ಅಂದರು. ಹಿಂದೆ ಸಾಲಿನಲ್ಲಿ ಮಕ್ಕಳು ಕಾಯುತ್ತಿದ್ದರೂ ಕಣ್ಣು ತೆಗೆಯಲಿಲ್ಲ.

ಆಮೇಲೆ ಸರ್ ದಕ್ಷಿಣದಲ್ಲಿ ಒಂಟಿಯಾಗಿ ಹೊಳೆಯುವ ನಕ್ಷತ್ರ ತೋರಿಸಿ, ಇದರ ಹೆಸರು ಫೊಮಲ್‌ಹಾಟ್, ಅರಬಿ ಶಬ್ದ, ಅರ್ಥ ಯಾರಿಗಾದರೂ ಗೊತ್ತಾ ಅಂತ ಕೇಳಿದರು. ಫಮ್ ಅಲ್-ಹೂತ್. ಯೂನುಸ್ ನಬಿಯನ್ನು (ಅ.ಸ.) ನುಂಗಿದ 'ಹೂತ್' ಮದ್ರಸದಲ್ಲಿ ಕಲಿತ ನನಗೆ ಗೊತ್ತಿತ್ತು. "ಮೀನಿನ ಬಾಯಿ" ಅಂದೆ. ರೀಗೆಲ್ ಅಂದರೆ 'ರಿಜ್ಲ್', ಕಾಲು. ಡೆನೆಬ್ ಅಂದರೆ 'ಧನಬ್', ಬಾಲ. ಅಲ್ಡೆಬರಾನ್ ಅಂದರೆ ಹಿಂಬಾಲಿಸುವವನು. ಇಡೀ ಜಗತ್ತು ಇಂದಿಗೂ ಈ ನಕ್ಷತ್ರಗಳನ್ನು ಕರೆಯುವುದು ಅರಬಿಯಿಂದ ಬಂದ ಹೆಸರುಗಳಿಂದ. ಬೆಳಿಗ್ಗೆಯ ಮದ್ರಸ, ಹಗಲಿನ ಶಾಲೆ ಎರಡೂ ಬೇರೆ ಬೇರೆ ಲೋಕ ಅಂದುಕೊಂಡಿದ್ದ ನನಗೆ ಅಂದು ರಾತ್ರಿ ಅವೆರಡೂ ಒಂದೇ ಮೈದಾನದಲ್ಲಿ ಸಿಕ್ಕವು.

ಅದಾಗಿ ಮೂರು ವಾರಕ್ಕೆ, ಡಿಸೆಂಬರ್ 26ರ ಬೆಳಿಗ್ಗೆ, ಕಾಸರಗೋಡು, ಮಂಗಳೂರು ಭಾಗದಲ್ಲಿ ಕಂಕಣ ಸೂರ್ಯಗ್ರಹಣ. ನಮ್ಮ ಮನೆಗಳಲ್ಲೂ ಗರ್ಭಿಣಿಯರನ್ನು ಕೋಣೆಯೊಳಗೆ ಕೂರಿಸಿದವರಿದ್ದರು, ಮಾಡಿದ ಅಡುಗೆ ಚೆಲ್ಲಿದವರಿದ್ದರು. ಆದರೆ ದೀನ್ ನಮಗೆ ಕಲಿಸಿದ್ದು ಏನು? ಪ್ರವಾದಿ (ಸ.ಅ.) ಅವರ ಮಗು ಇಬ್ರಾಹೀಮ್ ತೀರಿಕೊಂಡ ದಿನವೇ ಗ್ರಹಣವಾಯಿತು. ಜನ ಅದಕ್ಕೂ ಇದಕ್ಕೂ ಗಂಟು ಹಾಕಿದಾಗ ಪ್ರವಾದಿಯವರು ಒಪ್ಪಲಿಲ್ಲ. ಸೂರ್ಯ, ಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರದೇ ಸಾವಿಗಾಗಿ ಅಥವಾ ಹುಟ್ಟಿಗಾಗಿ ಅವಕ್ಕೆ ಗ್ರಹಣ ಹಿಡಿಯುವುದಿಲ್ಲ ಎಂದು ತಿಳಿಸಿ ನಮಾಝಿಗೆ ನಿಂತರು. ಮಗನನ್ನು ಕಳೆದುಕೊಂಡ ದಿನವೂ ಮೂಢನಂಬಿಕೆಗೆ ಜಾಗ ಕೊಡದ ಪ್ರವಾದಿಯ ಉಮ್ಮತ್ ನಾವು. ಗ್ರಹಣಕ್ಕೆ ಹೆದರಿ ಬಾಗಿಲು ಹಾಕುವುದು ನಮಗೆ ಹೇಳಿದ್ದಲ್ಲ.

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಚಂದ್ರದರ್ಶನ ಬೇಡ, ಲೆಕ್ಕಾಚಾರ ಸಾಕು ಎಂದು ನಾನು ಹೇಳುತ್ತಿಲ್ಲ. ಅದು ಉಲಮಾಗಳು ತೀರ್ಮಾನಿಸುವ ವಿಷಯ, ಖಾಝಿಯವರ ಮಾತೇ ನಮಗೆ ಕೊನೆ. ಆದರೆ ನೋಡಲು ಹೋಗುವವನಿಗೆ ಎಲ್ಲಿ ನೋಡಬೇಕು, ಎಷ್ಟು ಹೊತ್ತು ನೋಡಬೇಕು ಎಂದು ಗೊತ್ತಿದ್ದರೆ ನಷ್ಟವೇನು? ಹುಟ್ಟಿ 15 ಗಂಟೆಯೂ ಆಗದ ಚಂದ್ರ ಬರಿಗಣ್ಣಿಗೆ ಸಿಗುವುದು ಬಲು ಅಪರೂಪ. ಇಷ್ಟು ತಿಳಿದಿದ್ದರೆ ವಾಟ್ಸ್‌ಆ್ಯಪಿನಲ್ಲಿ ಬರುವ 'ಅಲ್ಲಿ ಕಂಡಿತಂತೆ, ಇಲ್ಲಿ ಕಂಡಿತಂತೆ' ಸುದ್ದಿಗೆ ರಾತ್ರಿಯಿಡೀ ಮನೆ ಗೊಂದಲದಲ್ಲಿ ಕೂರಬೇಕಾಗಿಲ್ಲ.

ನಮ್ಮ ದಿನಚರಿಯೇ ಆಕಾಶದ ಮೇಲೆ ನಿಂತಿದೆ. ಶಾಫಿಈಗಳಾದ ನಮಗೆ ಅಸರ್ ಆಗುವುದು ವಸ್ತುವಿನ ನೆರಳು ಅದರ ಉದ್ದದಷ್ಟು, ಜೊತೆಗೆ ನಡುಹಗಲಿನ ನೆರಳಿನಷ್ಟು ಆದಾಗ. ಮೇ 28ರ ಮಧ್ಯಾಹ್ನ 2 ಗಂಟೆ 48 ನಿಮಿಷದ ಹೊತ್ತಿಗೆ ಸೂರ್ಯ ಕಅಬಾದ ನೆತ್ತಿಯ ಮೇಲಿರುತ್ತಾನೆ. ಅಂಗಳದಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ, ನೆರಳಿನ ತುದಿಯಿಂದ ಕೋಲಿನ ಬುಡದ ಕಡೆಗೆ ನೋಡಿದರೆ ಅದೇ ಕಿಬ್ಲಾ. ಜುಲೈ 16ರಂದು 2 ಗಂಟೆ 57 ನಿಮಿಷಕ್ಕೂ ಹೀಗೇ. ಆದರೆ ಜುಲೈಯಲ್ಲಿ ನಮ್ಮ ಊರಲ್ಲಿ ಸೂರ್ಯ ಮುಖ ತೋರಿಸಬೇಕಲ್ಲ! ಇದನ್ನು ಮಕ್ಕಳ ಕೈಯಿಂದಲೇ ಮಾಡಿಸಿ ನೋಡಿ, ಗಣಿತದ ಹೆದರಿಕೆ ಅರ್ಧ ಓಡಿಹೋಗುತ್ತದೆ.

ಇಂಥ ಮಾತು ಬಂದಾಗ ನಮ್ಮ ವೇದಿಕೆಗಳಲ್ಲಿ ಹಿಂದಿನ ಮುಸ್ಲಿಂ ವಿಜ್ಞಾನಿಗಳ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸುವುದು ರೂಢಿ. ಅಲ್-ಸೂಫಿ 964ರ ಸುಮಾರಿಗೆ ಬರೆದ ನಕ್ಷತ್ರಗಳ ಗ್ರಂಥ, ಸಮರ್ಖಂದದಲ್ಲಿ ಉಲುಗ್ ಬೇಗ್ ಕಟ್ಟಿಸಿದ ವೀಕ್ಷಣಾಲಯ, ಎಲ್ಲವೂ ನಿಜವೇ. ಹತ್ತನೇ ಶತಮಾನದ ಅಲೆಪ್ಪೊದಲ್ಲಿ ಅಲ್-ಇಜ್ಲಿಯ್ಯ ಎಂಬ ಹೆಣ್ಣುಮಗಳು ಆಕಾಶ ಅಳೆಯುವ ಆಸ್ಟ್ರೊಲೇಬ್ ತಯಾರಿಸುತ್ತಿದ್ದದ್ದೂ ನಿಜ. ಆದರೆ ಅವಳ ಹೆಸರು ಹೇಳಿ ಹೆಮ್ಮೆ ಪಟ್ಟು, ನಮ್ಮ ಮನೆಯ ಹುಡುಗಿಯ ಚೀಟಿಗೆ ಸಹಿ ಹಾಕದಿದ್ದರೆ ಆ ಹೆಮ್ಮೆಗೆ ಬೆಲೆ ಏನು? ಅಷ್ಟು ಹಿಂದೆ ಹೋಗುವುದೂ ಬೇಡ. 2023ರ ಸೆಪ್ಟೆಂಬರ್ 2ರಂದು ಸೂರ್ಯನನ್ನು ಅಧ್ಯಯನ ಮಾಡಲು ಹೊರಟ ಆದಿತ್ಯ ಎಲ್-1 ಯೋಜನೆಯ ನಿರ್ದೇಶಕಿ ನಿಗಾರ್ ಶಾಜಿ. ತಮಿಳುನಾಡಿನ ಸೆಂಗೋಟ್ಟೈ ಎಂಬ ಸಣ್ಣ ಊರಿನ ಮುಸ್ಲಿಂ ಕುಟುಂಬದ ಮಗಳು.

ಪೋಷಕರ ಭಯ ಸುಳ್ಳು ಎಂದು ನಾನು ಹೇಳುವುದಿಲ್ಲ. ಕಾಲ ಒಳ್ಳೆಯದಲ್ಲ, ನಿಜ. ಆದರೆ ಭಯಕ್ಕೆ ಮದ್ದು ಮಗಳನ್ನು ಮನೆಯಲ್ಲಿ ಕೂರಿಸುವುದೊಂದೇ ಅಲ್ಲ, ಅವಳ ಜೊತೆ ಹೋಗುವುದೂ ಮದ್ದೇ. ಮದುವೆ ಮನೆಯಿಂದ ರಾತ್ರಿ ಹನ್ನೊಂದಕ್ಕೆ ಇದೇ ಹೆಣ್ಣುಮಕ್ಕಳ ಜೊತೆ ಮರಳುವುದಿಲ್ಲವೇ? ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಮಗಳ ಫೋಟೊ ಪೇಪರಿಗೆ ಕೊಡುವ ನಾವು, ಅಂಕದ ಆಚೆಗೆ ಅವಳು ಏನು ಕೇಳುತ್ತಾಳೆ ಎಂಬುದಕ್ಕೂ ಎರಡು ಗಂಟೆ ಕೊಡಬೇಕು.

ಶಾಲೆಗಳಿಗೂ ಒಂದು ಕೋರಿಕೆ. ಚೀಟಿಯಲ್ಲಿ 'ತಾಯಂದಿರೂ ಬನ್ನಿ' ಎಂದು ಒಂದು ಸಾಲು ಸೇರಿಸಿ, ಮಗ್ರಿಬ್ ನಮಾಝಿಗೆ ಒಂದು ಕೋಣೆ ಬಿಟ್ಟುಕೊಡಿ. ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು. ಜಮಾಅತ್ ಕಮಿಟಿಗಳು ಶಅಬಾನ್ 29ರ ಸಂಜೆ ಮದ್ರಸದ ಮಕ್ಕಳನ್ನು, ಹುಡುಗ ಹುಡುಗಿಯರೆನ್ನದೆ, ಪೋಷಕರ ಜೊತೆ ಸಮುದ್ರ ತೀರಕ್ಕೆ ಕರೆದುಕೊಂಡು ಹೋಗಬಹುದು. ಪಡುವಣಕ್ಕೆ ನಮ್ಮಷ್ಟು ತೆರೆದ ದಿಗಂತ ಎಷ್ಟು ಊರಿಗೆ ಉಂಟು? ಬೈನಾಕ್ಯುಲರ್ ಒಂದಿದ್ದರೆ ಸಾಕು, ಸೂರ್ಯ ಪೂರ್ತಿ ಮುಳುಗಿದ ಮೇಲಷ್ಟೇ ಅದನ್ನು ಎತ್ತಬೇಕು. ಪಿಲಿಕುಳದಲ್ಲಿ 2018ರಿಂದ ತಾರಾಲಯವಿದೆ. ರಜೆಯಲ್ಲಿ ಮಾಲ್‌ಗೆ ಹೋಗುವ ಒಂದು ದಿನವನ್ನು ಅದಕ್ಕೂ ಕೊಡಬಹುದು.

ನನ್ನ ತಂಗಿ ಈಗ ಎಂಟನೇ ತರಗತಿ. ಕಳೆದ ತಿಂಗಳು ಅವಳ ಚೀಟಿಯೂ ಬಂತು. ಉಮ್ಮ ಸಹಿ ಹಾಕಿ, ಪಕ್ಕದ ಮನೆಗೆ ಹೋಗಿ ಅಲ್ಲಿನ ಮಗಳ ಉಮ್ಮನಿಗೆ ಹೇಳಿದರು: "ನೀನೂ ಬಾ. ನಾವಿಬ್ಬರೂ ಅಲ್ಲೇ ನಿಲ್ಲುವ."