ಸಹನೆಯನ್ನು ಬೋಧಿಸುವ ಮುನ್ನ

“ಇನ್ನು ನಮ್ಮಿಂದ ಏನೂ ಆಗದು, ಮನೆಗೆ ಕರೆದುಕೊಂಡು ಹೋಗಿ.” ದೊಡ್ಡ ಆಸ್ಪತ್ರೆಯಲ್ಲಿ ಈ ಮಾತನ್ನು ಕೇಳಿಸಿಕೊಂಡು ಹುಣಸೂರಿಗೋ ಪಿರಿಯಾಪಟ್ಟಣಕ್ಕೋ ಮರಳುವ ಕುಟುಂಬಗಳ ಸಂಕಟ ನಮಗೆ ಹೊಸತಲ್ಲ. ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಸ್ಥಿತಿಯೂ ಭಿನ್ನವಲ್ಲ. ವೈದ್ಯರ ಬಾಯಿಂದ ಬಂದ ಮಾತಾದ್ದರಿಂದ ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಅದು ಪ್ರಶ್ನಿಸಲೇಬೇಕಾದ ಮಾತು. ರೋಗವನ್ನು ಗುಣಪಡಿಸಲಾಗದು ಎಂಬುದು ಒಂದು ವಿಷಯ. ರೋಗಿಗಾಗಿ ಮಾಡಬೇಕಾದದ್ದು ಏನೂ ಉಳಿದಿಲ್ಲ ಎಂಬುದು ಬೇರೆಯೇ ವಿಷಯ. ಮೊದಲನೆಯದು ಅನೇಕ ಬಾರಿ ನಿಜ. ಎರಡನೆಯದು ಎಂದಿಗೂ ನಿಜವಲ್ಲ.

ಪ್ಯಾಲಿಯೇಟಿವ್ ಕೇರ್ ಅಥವಾ ಉಪಶಾಮಕ ಆರೈಕೆ ಎಂದು ಕರೆಯಲಾಗುವ ವೈದ್ಯ ಶಾಖೆ ಇರುವುದೇ ಈ ಉಳಿದ ಕೆಲಸಕ್ಕಾಗಿ. ಅದು ಸಾಯುವವರಿಗೆ ಮಾತ್ರ ಮೀಸಲೆಂಬುದು ತಪ್ಪು ಕಲ್ಪನೆ. ಕ್ಯಾನ್ಸರ್ ಮಾತ್ರವಲ್ಲ, ಮೂತ್ರಪಿಂಡ ವೈಫಲ್ಯ, ಹೃದಯ ದೌರ್ಬಲ್ಯ, ಪಾರ್ಶ್ವವಾಯು, ಶ್ವಾಸಕೋಶದ ದೀರ್ಘಕಾಲೀನ ಕಾಯಿಲೆ, ಮರೆವಿನ ರೋಗ ಇವೆಲ್ಲದರಲ್ಲೂ ರೋಗ ಪತ್ತೆಯಾದಂದಿನಿಂದಲೇ, ಇತರ ಚಿಕಿತ್ಸೆಯ ಜೊತೆಜೊತೆಗೇ ಅದು ಸಿಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಸಮಾಲೋಚನೆಯಲ್ಲಿ ವೈದ್ಯರು ಅಥವಾ ದಾದಿ ಮೊದಲು ಕೇಳುವುದು ನೋವಿನ ಬಗ್ಗೆ. ಎಲ್ಲಿ ನೋವಿದೆ, ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ಅದು ಎಷ್ಟಿದೆ, ರಾತ್ರಿ ನಿದ್ದೆ ಬರುತ್ತದೆಯೇ? ನಂತರ ಉಸಿರಾಟ, ಮಲಬದ್ಧತೆ, ಬಾಯಿಹುಣ್ಣು, ಹುಣ್ಣಿನ ವಾಸನೆ. ಹಾಸಿಗೆ ಹಿಡಿದವರನ್ನು ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಿಸಬೇಕು, ಗಾಯವನ್ನು ಹೇಗೆ ತೊಳೆಯಬೇಕು ಎಂಬುದನ್ನು ಮನೆಯವರಿಗೆ ಕಲಿಸಲಾಗುತ್ತದೆ. ರೋಗಿಯ ಭಯವೇನು, ಮನೆಯ ಸಾಲವೆಷ್ಟು, ಮಕ್ಕಳ ಶಾಲೆ ನಿಂತಿದೆಯೇ ಎಂಬುದೂ ಅಲ್ಲಿ ಚರ್ಚೆಗೆ ಬರುತ್ತದೆ. ಇದರಲ್ಲಿ ಯಾವುದಕ್ಕೆ ತಾನೇ ಕೋಟಿಗಟ್ಟಲೆ ಬೆಲೆಯ ಯಂತ್ರ ಬೇಕು?

ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 5 ಕೋಟಿ 68 ಲಕ್ಷ ಮಂದಿಗೆ ಈ ಆರೈಕೆ ಅಗತ್ಯವಿದೆಯೆಂದೂ ಅವರಲ್ಲಿ ಶೇ. 14ರಷ್ಟು ಮಂದಿಗೆ ಮಾತ್ರ ಅದು ದೊರೆಯುತ್ತಿದೆಯೆಂದೂ ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಉಳಿದವರು ನರಳುತ್ತಾರೆ. ಅವರ ನರಳಿಕೆಗೆ ಕಾರಣ ರೋಗವೊಂದೇ ಅಲ್ಲ. ನಮ್ಮ ಅಜ್ಞಾನ, ಸರಕಾರದ ಉದಾಸೀನ ಮತ್ತು ಸಮುದಾಯದ ಮೌನ ಈ ಮೂರೂ ಅದರಲ್ಲಿ ಪಾಲುದಾರರು.

ಅಜ್ಞಾನದ ಮೊದಲ ಬಲಿ ಮಾರ್ಫಿನ್. ಕ್ಯಾನ್ಸರಿನ ತೀವ್ರ ನೋವಿಗೆ ಬಾಯಿಯ ಮೂಲಕ ಮಾರ್ಫಿನ್ ನೀಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಸ್ಪಷ್ಟಪಡಿಸಿದೆ. ಆದರೆ ಅದರ ಹಿಂದಿನ ವರ್ಷ, 1985ರಲ್ಲಿ, ಭಾರತದಲ್ಲಿ ಜಾರಿಗೆ ಬಂದ ಮಾದಕ ವಸ್ತು ತಡೆ ಕಾಯಿದೆಯ ಕಠಿಣ ನಿಯಮಗಳಿಂದಾಗಿ ಆಸ್ಪತ್ರೆಗಳೂ ಔಷಧಿ ಅಂಗಡಿಗಳೂ ಆ ಔಷಧಿಯನ್ನು ಇಟ್ಟುಕೊಳ್ಳಲು ಹೆದರಿದವು. ಅಫೀಮು ಬೆಳೆಯುವ ದೇಶದಲ್ಲಿಯೇ ಅದರಿಂದ ತಯಾರಾಗುವ ನೋವು ನಿವಾರಕ ರೋಗಿಗಳಿಗೆ ಸಿಗದಂತಾಯಿತು. 2014ರ ತಿದ್ದುಪಡಿಯು ಈ ತೊಡಕನ್ನು ಸಡಿಲಿಸಿತು. ತರಬೇತಿ ಪಡೆದ ವೈದ್ಯರಿರುವ ಸಂಸ್ಥೆಯು ರಾಜ್ಯದ ಔಷಧ ನಿಯಂತ್ರಣಾಧಿಕಾರಿಯ ಮಾನ್ಯತೆ ಪಡೆದು ಅದನ್ನು ನೀಡಬಹುದು. ಕಾನೂನು ಬದಲಾಗಿ ಹತ್ತು ವರ್ಷ ದಾಟಿದರೂ ಮನಸ್ಸು ಬದಲಾಗಿಲ್ಲ. ‘ಅದು ಅಮಲು, ಹರಾಮ್’ ಎನ್ನುವವರು ನಮ್ಮಲ್ಲಿದ್ದಾರೆ. ಶಸ್ತ್ರಚಿಕಿತ್ಸೆಗೆ ಮುನ್ನ ನೀಡುವ ಅರಿವಳಿಕೆಯನ್ನು ಇವರು ಎಂದಾದರೂ ಹರಾಮ್ ಎಂದಿದ್ದಾರೆಯೇ? ‘ಅದನ್ನು ಕೊಟ್ಟರೆ ಬೇಗ ಸಾಯುತ್ತಾರೆ’ ಎನ್ನುವವರೂ ಇದ್ದಾರೆ. ವೈದ್ಯರ ನಿಗಾದಲ್ಲಿ ನೋವಿನ ಪ್ರಮಾಣಕ್ಕೆ ತಕ್ಕಂತೆ ನೀಡುವ ಮಾರ್ಫಿನ್ ಪ್ರಾಣ ತೆಗೆಯುವುದಿಲ್ಲ. ಸಾವನ್ನು ತ್ವರೆಗೊಳಿಸುವುದೂ ಇಲ್ಲ, ಎಳೆದು ನಿಲ್ಲಿಸುವುದೂ ಇಲ್ಲ ಎಂಬುದು ಉಪಶಾಮಕ ಆರೈಕೆಯ ಮೂಲತತ್ವವೇ ಆಗಿದೆ.

ಇದಕ್ಕಿಂತ ಸೂಕ್ಷ್ಮವಾದ ತಪ್ಪೊಂದಿದೆ. ನರಳುವವರ ಬಳಿ ಕುಳಿತು ನಾವು ಸಬ್ರ್ ಬೋಧಿಸುತ್ತೇವೆ. ಸಹನೆ ಉನ್ನತ ಗುಣ, ಸಂದೇಹವಿಲ್ಲ. ಆದರೆ ಸಹನೆಗೆ ಮಾದರಿಯೆಂದು ನಾವು ಸ್ಮರಿಸುವ ಪ್ರವಾದಿ ಅಯ್ಯೂಬ್(ಅ) ತಮ್ಮ ಸಂಕಟವನ್ನು ಅಲ್ಲಾಹನ ಮುಂದೆ ತೋಡಿಕೊಂಡು ಅದರ ನಿವಾರಣೆಯನ್ನು ಬೇಡಿದವರು. ಸಹನೆ ರೋಗಿಯ ಗುಣವಾಗಬೇಕೇ ಹೊರತು ಆರೋಗ್ಯವಂತರ ನೆಪವಾಗಬಾರದು. ಈ ನೆಪದ ಭಾರ ಹೆಚ್ಚಾಗಿ ಬೀಳುವುದು ಹೆಂಗಸರ ಮೇಲೆ. ಸ್ತನದ ಅಥವಾ ಗರ್ಭಕೋಶದ ಹುಣ್ಣನ್ನು ಸಂಕೋಚದಿಂದ ಮುಚ್ಚಿಟ್ಟುಕೊಳ್ಳುವ ತಾಯಿ, ಹಗಲಿರುಳು ಅತ್ತೆ-ಮಾವಂದಿರ ಆರೈಕೆ ಮಾಡಿ ತಾನೇ ಕುಸಿಯುವ ಸೊಸೆ, ಇವರಿಬ್ಬರನ್ನೂ ನಾವು ಹೊಗಳುತ್ತೇವೆ. ನೆರವಾಗುವುದಿಲ್ಲ.

ರೋಗಿಯಿಂದ ಸತ್ಯವನ್ನು ಮರೆಮಾಚುವುದನ್ನೂ ನಾವು ಪ್ರೀತಿಯೆಂದು ಭಾವಿಸಿದ್ದೇವೆ. ಸಾಲ ತೀರಿಸುವುದು, ಅಮಾನತ್ತನ್ನು ಮರಳಿಸುವುದು, ವಸಿಯ್ಯತ್ ಬರೆಸುವುದು, ನೋಯಿಸಿದವರಲ್ಲಿ ಕ್ಷಮೆ ಕೇಳುವುದು ಇವೆಲ್ಲವೂ ಇಸ್ಲಾಮಿನಲ್ಲಿ ಅತ್ಯಂತ ಮಹತ್ವದ ಹೊಣೆಗಳು. ತನ್ನ ಸ್ಥಿತಿ ಏನೆಂದು ತಿಳಿಯದ ವ್ಯಕ್ತಿ ಈ ಹೊಣೆಗಳನ್ನು ನಿರ್ವಹಿಸುವುದಾದರೂ ಹೇಗೆ? ಎಲ್ಲವನ್ನೂ ಒಮ್ಮೆಲೇ ಹೇಳಬೇಕೆಂದಿಲ್ಲ. ಎಷ್ಟು ತಿಳಿಯಬಯಸುತ್ತಾರೆಂದು ಅವರನ್ನೇ ಕೇಳಿ, ಅಷ್ಟನ್ನು ಮೃದುವಾಗಿ ತಿಳಿಸುವ ವಿಧಾನವನ್ನು ಉಪಶಾಮಕ ಆರೈಕೆಯ ವೈದ್ಯರು ಕಲಿತಿರುತ್ತಾರೆ. ಸತ್ಯ ಮುಚ್ಚಿಟ್ಟ ಮನೆಗಳು ಆಸ್ಪತ್ರೆಯಿಂದ ಆಸ್ಪತ್ರೆಗೆ ಓಡಿ, ಮನೆಯ ಪತ್ರವನ್ನೂ ಒಡವೆಗಳನ್ನೂ ಅಡವಿಟ್ಟು, ಕೊನೆಗೆ ರೋಗಿಯನ್ನೂ ಆಸ್ತಿಯನ್ನೂ ಕಳೆದುಕೊಳ್ಳುತ್ತವೆ.

ಸರಕಾರದ ಕಡತಗಳನ್ನು ನೋಡಿದರೆ ಎಲ್ಲವೂ ಇದೆ. 2012ರಲ್ಲಿ ಕೇಂದ್ರವು ಉಪಶಾಮಕ ಆರೈಕೆಯ ರಾಷ್ಟ್ರೀಯ ಕಾರ್ಯಕ್ರಮವನ್ನು ರೂಪಿಸಿತು. 2017ರ ರಾಷ್ಟ್ರೀಯ ಆರೋಗ್ಯ ನೀತಿ ಅದನ್ನು ಪ್ರಾಥಮಿಕ ಆರೋಗ್ಯ ಸೇವೆಯ ಭಾಗವೆಂದಿತು. ಸುಪ್ರೀಂ ಕೋರ್ಟಿನ ತೀರ್ಪನ್ನನುಸರಿಸಿ, ಚೇತರಿಕೆಯ ಆಸೆಯಿಲ್ಲದ ರೋಗಿಯ ಜೀವರಕ್ಷಕ ಯಂತ್ರಗಳನ್ನು ಹಿಂತೆಗೆಯುವ ಬಗ್ಗೆ ಕರ್ನಾಟಕ ಸರಕಾರ 2025ರ ಜನವರಿಯಲ್ಲಿ ಆದೇಶವನ್ನೂ ಹೊರಡಿಸಿತು. ಘನತೆಯ ಮರಣದ ಬಗ್ಗೆ ಚರ್ಚೆ ನಡೆಯಲಿ. ಆದರೆ ತೀವ್ರ ನಿಗಾ ಘಟಕದ ಬಾಗಿಲನ್ನೇ ಕಾಣದ ಬಡವನಿಗೆ ಬೇಕಿರುವುದು ಇಂದಿನ ರಾತ್ರಿಯ ನಿದ್ದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಾಲೂಕುಗಳ ರೈತರು ಬೆಳೆದ ತಂಬಾಕಿಗೆ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳನ್ನು ಹತ್ತಿರದಲ್ಲೇ ತೆರೆಯಲು ಆಡಳಿತಕ್ಕೆ ಸಾಧ್ಯವಾಗಿದೆ. ಕ್ಯಾನ್ಸರ್ ರೋಗಿಯ ನೋವಿಗೆ ಔಷಧಿ ನೀಡುವ ಒಂದು ಕೋಣೆ ಮಾತ್ರ ಹತ್ತಾರು ಕಿಲೋಮೀಟರ್ ಆಚೆಯ ಮೈಸೂರಿನಲ್ಲೇ ಇರಬೇಕೇ? ಮೂಳೆಗೆ ಹರಡಿದ ನೋವಿನೊಂದಿಗೆ ಬಸ್ಸಿನಲ್ಲಿ ಕುಳಿತು ಹೋಗಿಬರುವ ರೋಗಿಯ ಅವಸ್ಥೆಯನ್ನು ಅಧಿಕಾರಿಗಳು ಊಹಿಸಿಕೊಳ್ಳಲಿ.

ಮಾದರಿಗಳಿಗಾಗಿ ದೂರ ಹೋಗಬೇಕಾಗಿಲ್ಲ. 1984ರಲ್ಲಿ ಸ್ಥಾಪನೆಯಾಗಿ, ಎಚ್.ಡಿ. ಕೋಟೆಯ ಕಾಡಂಚಿನ ಜನರ ನಡುವೆ ಬೆಳೆದು, ಸರಗೂರಿನಲ್ಲಿ ಆಸ್ಪತ್ರೆ ನಡೆಸುತ್ತಿರುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಮೈಸೂರು ಜಿಲ್ಲೆಯಲ್ಲಿ ಉಪಶಾಮಕ ಆರೈಕೆಯನ್ನೂ ಕೈಗೆತ್ತಿಕೊಂಡಿದೆ. ಒಳಿತು ಯಾರ ಕೈಯಿಂದ ನಡೆದರೂ ಅದನ್ನು ಮೆಚ್ಚಬೇಕು, ಕೈಜೋಡಿಸಬೇಕು. ಎಚ್.ಡಿ. ಕೋಟೆಯಿಂದ ಬಾವಲಿ ದಾಟಿದರೆ ವಯನಾಡು. ಆ ಕೇರಳದಲ್ಲಿ, ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಸಂಗಡಿಗರು 1993ರಲ್ಲಿ ಆರಂಭಿಸಿದ ಪುಟ್ಟ ಪ್ರಯತ್ನವು ಮುಂದೆ ಮಲಪ್ಪುರಂ ಜಿಲ್ಲೆಯಲ್ಲಿ ಜನರ ಚಳವಳಿಯಾಯಿತು. ವಿದ್ಯಾರ್ಥಿಗಳು, ವ್ಯಾಪಾರಿಗಳು, ಗೃಹಿಣಿಯರು ತರಬೇತಿ ಪಡೆದು ನೆರೆಮನೆಯ ರೋಗಿಗಳ ಹೊಣೆ ಹೊತ್ತರು. ಹಣ ಬಂದದ್ದು ಬಹುತೇಕ ಸಾಮಾನ್ಯರ ಸಣ್ಣ ಸಣ್ಣ ದೇಣಿಗೆಗಳಿಂದ. 2008ರಲ್ಲಿ ಕೇರಳ ಸರಕಾರ ಇದಕ್ಕಾಗಿ ನೀತಿಯನ್ನೇ ಘೋಷಿಸಿತು. ಜನರು ಮೊದಲು ನಡೆದರು, ಸರಕಾರ ಹಿಂಬಾಲಿಸಿತು.

ಮಲಪ್ಪುರಂನ ಮುಸ್ಲಿಮರಿಗೆ ಸಾಧ್ಯವಾದದ್ದು ನಮಗೇಕೆ ಸಾಧ್ಯವಾಗಬಾರದು? ನಮ್ಮಲ್ಲಿ ಹಣವಿಲ್ಲವೆಂದು ಹೇಳುವಂತಿಲ್ಲ. ಮಸೀದಿಯ ನೆಲಕ್ಕೆ ಎರಡನೆಯ ಬಾರಿ ಅಮೃತಶಿಲೆ ಹಾಸಲು ಹಣವಿದೆ. ತೀರಿಕೊಂಡವರ ನಲವತ್ತನೆಯ ದಿನದ ಊಟಕ್ಕೆ ಹಣವಿದೆ. ಜನಾಝಾಕ್ಕೆ ಊರೇ ಸೇರುತ್ತದೆ. ಅದೇ ವ್ಯಕ್ತಿ ಆರು ತಿಂಗಳು ಹಾಸಿಗೆಯಲ್ಲಿ ಕೊಳೆಯುತ್ತಿದ್ದಾಗ ಗಾಳಿ ತುಂಬಿದ ಹಾಸಿಗೆಯೊಂದನ್ನು ಒದಗಿಸಲು ಜಮಾಅತ್ ಕಮಿಟಿಗೆ ಸಾಧ್ಯವಾಗಲಿಲ್ಲ. ರೋಗಿಯ ಸಂದರ್ಶನವು ಮುಸ್ಲಿಮನ ಮೇಲೆ ಮುಸ್ಲಿಮನಿಗಿರುವ ಹಕ್ಕುಗಳಲ್ಲೊಂದೆಂದು ಪ್ರವಾದಿ(ಸ) ಕಲಿಸಿದ್ದಾರೆ. ಹಣ್ಣಿನ ಚೀಲ ಇಟ್ಟು, ‘ಹೇಗಿದ್ದೀರಿ?’ ಎಂದು ಕೇಳಿ ಎದ್ದುಬಂದರೆ ಆ ಹಕ್ಕು ಸಂದಾಯವಾಯಿತೇ?

ಈ ನಾಲ್ಕೂ ಊರುಗಳ ಕಮಿಟಿಗಳು ಮುಂದಿನ ರಮಝಾನಿಗೆ ಕಾಯಬೇಕಿಲ್ಲ. ತಾಲೂಕು ಆಸ್ಪತ್ರೆಗೆ ಹೋಗಿ ಮೂರು ಪ್ರಶ್ನೆಗಳನ್ನು ಲಿಖಿತವಾಗಿ ಕೇಳಲಿ: ಉಪಶಾಮಕ ಆರೈಕೆಯ ತರಬೇತಿ ಪಡೆದ ವೈದ್ಯರು, ದಾದಿಯರು ಇಲ್ಲಿ ಇದ್ದಾರೆಯೇ? ಮಾರ್ಫಿನ್ ನೀಡುವ ಮಾನ್ಯತೆ ಇದೆಯೇ? ವಾರದಲ್ಲಿ ಯಾವ ದಿನ ಸಮಾಲೋಚನೆ? ಉತ್ತರ ‘ಇಲ್ಲ’ ಎಂದಾದರೆ ಅದೇ ಪತ್ರವನ್ನು ಶಾಸಕರ ಮುಂದಿಡಲಿ. ಇತ್ತ ಮೊಹಲ್ಲಾದಲ್ಲಿ ಹಾಸಿಗೆ ಹಿಡಿದವರ ಪಟ್ಟಿ ತಯಾರಾಗಲಿ. ಆ ಪಟ್ಟಿಯಲ್ಲಿ ಪಕ್ಕದ ಬೀದಿಯ ಹಿಂದೂ, ಕ್ರೈಸ್ತ ಮನೆಗಳೂ ಇರಲಿ. ಬಡ ರೋಗಿಗಳಿಗೆ ಝಕಾತ್‌ನ ಒಂದು ಪಾಲು ಮೀಸಲಾಗಲಿ. ಯುವಕರ ಜೊತೆಗೆ ಮಹಿಳೆಯರಿಗೂ ತರಬೇತಿ ಸಿಗಲಿ. ಮೂತ್ರದ ಚೀಲ ಅಳವಡಿಸಿಕೊಂಡವರು ನಮಾಝ್ ಹೇಗೆ ನಿರ್ವಹಿಸಬೇಕು, ಉಪವಾಸದಲ್ಲಿ ಅವರಿಗೆ ಯಾವ ರಿಯಾಯಿತಿಯಿದೆ ಎಂಬುದನ್ನು ಇಮಾಮರು ಖುತ್ಬಾದಲ್ಲಿ ವಿವರಿಸಲಿ. ಕಫನ್ ಬಟ್ಟೆಗೆ ನಿಧಿ ಕೂಡಿಡುವ ಸಮುದಾಯವು ಉಸಿರಿರುವಾಗಿನ ನೋವಿಗೂ ಒಂದು ನಿಧಿಯನ್ನಿಡಲೇಬೇಕು. ಸತ್ತವರ ಹಕ್ಕನ್ನು ನಾವು ತಪ್ಪದೆ ಸಲ್ಲಿಸುತ್ತಿದ್ದೇವೆ. ಬದುಕಿರುವವರ ಹಕ್ಕು ಬಾಕಿ ಇದೆ.