ಬಂಡೆ ಬಿರಿಯುವ ಮುನ್ನ

ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫ್ ನೆಲದಿಂದ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅದಿರು ತೆಗೆದು ಜಾಗ ಖಾಲಿಯಾದಂತೆಲ್ಲ ಅದು ಹೊತ್ತಿದ್ದ ಭಾರ ಅಕ್ಕಪಕ್ಕದ ಬಂಡೆಯ ಮೇಲೆ ಬೀಳುತ್ತದೆ. ತಡೆಯಲಾರದ ಬಂಡೆ ಒಮ್ಮೆಲೇ ಸಿಡಿಯುತ್ತದೆ. ಇದೇ ‘ರಾಕ್ ಬರ್ಸ್ಟ್’. ಗ್ರಾನೈಟ್ ಗೋಡೆ ಕಟ್ಟಿ ಆಸರೆ ಕೊಟ್ಟರೂ ಅದು ಬಲಿ ಪಡೆಯುವುದು ತಪ್ಪಲಿಲ್ಲ.

ಆದರೆ ಬಂಡೆ ಸದ್ದಿಲ್ಲದೆ ಒಡೆಯುವುದಿಲ್ಲ. ಒತ್ತಡ ಏರಿದಂತೆ ಹರಳುಗಳ ನಡುವೆ ಸೂಕ್ಷ್ಮ ಬಿರುಕುಗಳು ಹುಟ್ಟುತ್ತವೆ, ಪ್ರತಿ ಬಿರುಕೂ ಒಂದು ಕಂಪನವನ್ನು ಹೊರಬಿಡುತ್ತದೆ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಗಣಿ ಬ್ಯೂರೋದ ಲಿಯೊನಾರ್ಡ್ ಓಬರ್ಟ್ ಗಣಿಯ ಕಂಬದಲ್ಲಿ ಅಲೆಗಳ ವೇಗ ಅಳೆಯುತ್ತಿದ್ದಾಗ ಉಪಕರಣದಲ್ಲಿ ಬೇಡದ ಸದ್ದು ಮತ್ತೆಮತ್ತೆ ದಾಖಲಾಗುತ್ತಿತ್ತು. ಸದ್ದು ಬಂಡೆಯದೇ ಆಗಿತ್ತು. ಬಂಡೆಗೆ ನೆನಪೂ ಇದೆ. ಒಮ್ಮೆ ತಡೆದುಕೊಂಡ ಒತ್ತಡವನ್ನು ಮತ್ತೆ ಹೇರಿದರೆ ಅದು ಬಹುಮಟ್ಟಿಗೆ ಸುಮ್ಮನಿರುತ್ತದೆ, ಹಳೆಯ ಮಿತಿ ದಾಟಿದಾಗ ಮಾತ್ರ ಸದ್ದು ಜೋರಾಗುತ್ತದೆ. 1950ರಲ್ಲಿ ಜರ್ಮನಿಯ ಯೋಸೆಫ್ ಕೈಸರ್ ಲೋಹಗಳಲ್ಲಿ ಗುರುತಿಸಿದ್ದ ಈ ಗುಣ ಕಲ್ಲಿನಲ್ಲೂ ಕಂಡುಬಂತು.

ಗಣಿಯಲ್ಲಿ ಈ ಸದ್ದಿನಿಂದ ಏನು ಉಪಯೋಗ? ಬಂಡೆಯಲ್ಲಿ ಅಲ್ಲಲ್ಲಿ ಕಂಪನ ಹಿಡಿಯುವ ಜಿಯೋಫೋನ್ ಕೂರಿಸುತ್ತಾರೆ. ಗಟ್ಟಿ ಬಂಡೆಯಲ್ಲಿ ಕಂಪನ ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ. ಒಂದು ಜಿಯೋಫೋನ್‌ಗೆ ಇನ್ನೊಂದಕ್ಕಿಂತ ಸೆಕೆಂಡಿನ ನೂರನೇ ಒಂದು ಭಾಗ ತಡವಾಗಿ ತಲುಪಿದರೆ, ಅದು ಬಿರುಕಿನಿಂದ 60 ಮೀಟರ್ ಹೆಚ್ಚು ದೂರದಲ್ಲಿದೆ ಎಂದರ್ಥ. ಇಂಥ ಹಲವು ವ್ಯತ್ಯಾಸಗಳನ್ನು ಕೂಡಿಸಿದರೆ ಬಿರುಕು ಬಿಟ್ಟ ಜಾಗ ಸಿಗುತ್ತದೆ. ಒಂದೇ ಜಾಗದಲ್ಲಿ ಬಿರುಕುಗಳು ಗುಂಪುಗೂಡಿದರೆ ಅಲ್ಲಿಂದ ಕಾರ್ಮಿಕರನ್ನು ಹಿಂದಕ್ಕೆ ಕರೆಸಬಹುದು. ಪ್ರತಿ ಸಿಡಿತವನ್ನೂ ಹೀಗೆ ಮೊದಲೇ ಹೇಳಲು ಆಗುವುದಿಲ್ಲ. ಆದರೂ ಕಿವಿಗೊಡದೆ ಜನರನ್ನು ಒಳಗೆ ಕಳಿಸುವುದು ಅಕ್ಷಮ್ಯ.

ಒಡೆಯುವ ಬಂಡೆ ಸದ್ದಿನ ಜೊತೆಗೆ ವಿದ್ಯುತ್ಕಾಂತೀಯ ಸಂಕೇತವನ್ನೂ ಹೊರಬಿಡಬಲ್ಲದು. ಆದರೆ ಅದರ ಕಥೆ ಇಷ್ಟು ಸಲೀಸಲ್ಲ. ಸ್ಫಟಿಕಶಿಲೆಯನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ. ಗ್ಯಾಸ್ ಲೈಟರ್ ಕಿಡಿ ಹಾರಿಸುವುದೂ ಅದರೊಳಗಿನ ಸೆರಾಮಿಕ್ ತುಂಡಿನ ಇಂಥದ್ದೇ ಗುಣದಿಂದ. ಪ್ರಯೋಗಾಲಯದಲ್ಲಿ ಒಡೆಯುವ ಕಲ್ಲು ರೇಡಿಯೊ ತರಂಗ ಸೂಸುವುದು ದೃಢಪಟ್ಟಿದೆ. ಆದರೆ ನೆಲದಾಳದ ಒದ್ದೆ ಬಂಡೆ ವಿದ್ಯುತ್ತನ್ನು ಹರಿಯಬಿಡುತ್ತದೆ, ಹಾಗಾಗಿ ಹೆಚ್ಚು ಆವರ್ತದ ತರಂಗಗಳು ಮೇಲೆ ಬರುವ ಮೊದಲೇ ಅಳಿಯುತ್ತವೆ.

ಭೂಕಂಪದ ಮುನ್ಸೂಚನೆಗೂ ಇಂಥ ಸಂಕೇತವನ್ನು ಹುಡುಕಿದ್ದಾರೆ. 1989ರ ಅಕ್ಟೋಬರ್ 17ರಂದು ಕ್ಯಾಲಿಫೋರ್ನಿಯಾದ ಲೋಮಾ ಪ್ರಿಯೆಟಾ ಭೂಕಂಪದಿಂದ ನಡುಗಿತು. ಅದಕ್ಕೆ 3 ಗಂಟೆ ಮೊದಲು, ಭೂಕಂಪದ ಕೇಂದ್ರದಿಂದ 7 ಕಿ.ಮೀ. ದೂರದ ಕೊರಲಿಟೋಸ್‌ನಲ್ಲಿ ತೀರಾ ಕಡಿಮೆ ಆವರ್ತದ ಕಾಂತೀಯ ಸಂಕೇತ ಏರಿದ್ದು ದಾಖಲಾಯಿತು. ಮುನ್ಸೂಚನೆ ಕೈಗೆಟುಕಿತೆಂದು ಅನೇಕರು ಹಿಗ್ಗಿದರು. 2009ರಲ್ಲಿ ದತ್ತಾಂಶವನ್ನು ಮತ್ತೆ ಜಾಲಾಡಿದ ಸಂಶೋಧಕರು, ಉಪಕರಣದ ದೋಷವೇ ಕಾರಣವಿರಬೇಕು ಎಂದರು. 2004ರಲ್ಲಿ, ಉಪಕರಣಗಳಿಂದ ತುಂಬಿದ್ದ ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್‌ನಲ್ಲೇ 6ರ ತೀವ್ರತೆಯ ಭೂಕಂಪ ಆಯಿತು. ನಂಬಬಹುದಾದ ಮುನ್ಸೂಚನೆ ಯಾವುದರಲ್ಲೂ ಸಿಗಲಿಲ್ಲ.

ಸಂಶೋಧನೆ ನಿಲ್ಲಬಾರದು. ಆದರೆ ಇಂಥ ಸಂಕೇತ ತೋರಿಸಿ ಭೂಕಂಪದ ದಿನಾಂಕ ಹೇಳುವ ವಾಟ್ಸ್‌ಆ್ಯಪ್ ಸಂದೇಶ ಬಂದರೆ ಅದನ್ನು ಮುಂದಕ್ಕೆ ಕಳಿಸಬೇಡಿ.